ವಿನೆಗರ್ ವಾಸನೆಯ ಬೋರ್ಡ್

“ಇವನೇ ಕಳ್ಳ! ಬೇರೆ ಯಾರೂ ಅಲ್ಲ!” ಎಂದು ದಂತವೈದ್ಯರು ಮೇಜು ಗುದ್ದಿದಾಗ, ಸೋದರತ್ತೆಯ ಪಕ್ಕ ಕೂತಿದ್ದ ಅಳಿಯನ ಮೈ ಉರಿದುಹೋಯಿತು. ಹೇಳಿಕಳಿಸಿ ಕರೆಸಿದ್ದ ವ್ಯಾನ್ ಡ್ರೈವರ್ ಬಾಗಿಲ ಬಳಿ ಬಿಳಿಚಿಕೊಂಡು ನಿಂತಿದ್ದ. ದೂರದ ಊರಿನಿಂದ ಕಂಪ್ಯೂಟರ್ ತರಲು ಅವನನ್ನು ಗೊತ್ತುಮಾಡಿದವನೇ ಅಳಿಯ.

ಹಳೆಯ ಕಂಪ್ಯೂಟರ್‌ಗಳನ್ನು ಒಬ್ಬರಿಗೊಬ್ಬರು ಹುಡುಕಿಕೊಟ್ಟು ಅದಲುಬದಲು ಮಾಡಿಕೊಳ್ಳುವ ಕೂಟ ಅದು. ಇದ್ದವರು ನಾಲ್ಕೇ ಜನ: ದಂತವೈದ್ಯರು, ಗಣಿತದ ಮೇಷ್ಟ್ರು, ಅಳಿಯ ಮತ್ತು ಅವನ ಸೋದರತ್ತೆ. ಕೂಟ ಸೇರುತ್ತಿದ್ದುದು ಅತ್ತೆಯ ಮನೆಯ ಮಹಡಿಯಲ್ಲಿ; ಕೀಲಿ ನಾಲ್ವರ ಬಳಿಯೂ ಇತ್ತು. ಅತ್ತೆ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿದು ಹಿಡಿದು ನಿವೃತ್ತರಾದವರು. ಕೂಟದಲ್ಲಿ ಏನೇ ತಕರಾರಾದರೂ ತೀರ್ಮಾನ ಅವರದೇ.

ಡ್ರೈವರ್ ಹಿಂದಿನ ಸಂಜೆ ಇಳಿಸಿಹೋಗಿದ್ದ ಕಂಪ್ಯೂಟರ್ ಈಗ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಅದು ಮೇಷ್ಟ್ರಿಗಾಗಿ ಬಂದದ್ದು. ಕಳಿಸಿದವರು ವಿಡಿಯೊ ಕರೆಯಲ್ಲಿ ಅದನ್ನು ಓಡಿಸಿ ತೋರಿಸಿ, ಎಲ್ಲರೂ ನೋಡುತ್ತಿದ್ದಂತೆಯೇ ಪ್ಯಾಕ್ ಮಾಡಿ ವ್ಯಾನಿಗೆ ಹಾಕಿದ್ದರು. ಈಗ ನೋಡಿದರೆ ಉಸಿರೇ ಇಲ್ಲ. ಒಳಗಿನ ಬೋರ್ಡನ್ನೇ ಯಾರೋ ಬದಲಾಯಿಸಿ, ಕೆಟ್ಟದ್ದೊಂದನ್ನು ಕೂರಿಸಿದ್ದರು.

“ಒಳ್ಳೆ ಬೋರ್ಡನ್ನ ದಾರೀಲೇ ಮಾರ್ಕೊಂಡಿದ್ದಾನೆ. ಇವನ ಓನರ್‌ಗೆ ಫೋನ್ ಮಾಡಿ ಹೇಳಾಯ್ತು, ಕೆಲಸದಿಂದ ತೆಗೀತಾರಂತೆ. ನಾನಿನ್ನು ನನ್ನ ಕಂಪ್ಯೂಟರ್ ತಗೊಂಡು ಹೊರಡ್ತೀನಿ,” ಎಂದು ವೈದ್ಯರು ಬೆಡ್‌ಶೀಟಿನಲ್ಲಿ ಸುತ್ತಿದ್ದ ಗಂಟಿಗೆ ಕೈ ಹಾಕಿದರು. ಅವರದೂ ಅದೇ ಮಾಡೆಲ್. ಬ್ಯಾಟರಿ ಸೋರಿ ಕೆಟ್ಟು, ತಿಂಗಳುಗಟ್ಟಲೆ ಆ ಕೋಣೆಯ ಕಪಾಟಿನಲ್ಲೇ ಕೂತಿತ್ತು.

“ಸಾರ್, ನಾನು ಪೆಟ್ಟಿಗೆ ಬಿಚ್ಚೇ ಇಲ್ಲ,” ಎಂದ ಡ್ರೈವರ್. “ಈ ಕೆಟ್ಟ ಹೆಸರು ಹೊತ್ಕೊಂಡು ಹೋದ್ರೆ ನನ್ನ ಕೈಗೆ ಇನ್ಯಾರು ಗಾಡಿ ಕೊಡ್ತಾರೆ?”

ಅಳಿಯನಿಗೆ ತಡೆಯಲಾಗಲಿಲ್ಲ. “ಡಾಕ್ಟ್ರೇ, ಹಿಂದೆಮುಂದೆ ನೋಡದೆ ಒಬ್ಬನ ಹೊಟ್ಟೆ ಮೇಲೆ ಹೊಡೀತೀರಲ್ಲ! ನಾಚಿಕೆ ಆಗಲ್ವಾ?”

“ಕೂತ್ಕೊಳ್ಳೋ,” ಎಂದರು ಅತ್ತೆ. ಬೋರ್ಡನ್ನು ತಾವು ಮೂಸಿ ನೋಡಿ ಅವನತ್ತ ಚಾಚಿದರು. “ಏನು ವಾಸನೆ?”

“ವಿನೆಗರ್!”

ಬೋರ್ಡಿನಲ್ಲಿ ಬ್ಯಾಟರಿ ಇರಲಿಲ್ಲ. ಅದನ್ನು ನೀಟಾಗಿ ಕತ್ತರಿಸಿ ತೆಗೆದು, ಸೋರಿದ ಕ್ಷಾರ ಹೋಗಲೆಂದು ಸುತ್ತಲಿನ ಜಾಗವನ್ನು ವಿನೆಗರ್ ಹಾಕಿ ಉಜ್ಜಿ ತೊಳೆದಿದ್ದರು.

ಅತ್ತೆ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು. ಡ್ರೈವರಿಗೂ ಕುರ್ಚಿ ಹಾಕಿಸಿದರು.

“ಕದ್ದು ಮಾರೋನು ಸತ್ತ ಬೋರ್ಡಿಗೆ ಸ್ನಾನ ಮಾಡಿಸ್ತಾನಾ? ಸೋರೋ ಬ್ಯಾಟರಿ ಒಳಗಿದ್ರೆ ಒಳ್ಳೆ ಪೆಟ್ಟಿಗೇನೂ ಹಾಳಾಗುತ್ತೆ ಅಂತ ಜೀವ ಬಿಡೋರು ನಮ್ಮಂಥ ಹುಚ್ಚರು ಮಾತ್ರ. ಕದಿಯೋವಾಗಲೂ ಆ ಅಭ್ಯಾಸ ಬಿಡಲಿಲ್ಲ. ವಾಸನೆ ಇನ್ನೂ ಆರಿಲ್ಲ, ಅಂದ್ರೆ ತೊಳೆದದ್ದು ಪೆಟ್ಟಿಗೆ ಇಲ್ಲಿಗೆ ಬಂದ ಮೇಲೆ. ಕೀಲಿ ಇರೋದು ನಮ್ಮ ನಾಲ್ವರ ಹತ್ರ. ಇದೇ ಮಾಡೆಲ್ಲಿನ, ಬ್ಯಾಟರಿ ಸೋರಿದ ಬೋರ್ಡ್ ಇದ್ದದ್ದು ಒಬ್ಬರ ಹತ್ರ. ಇಷ್ಟು ದಿನ ತಿರುಗಿ ನೋಡದ ಕಂಪ್ಯೂಟರನ್ನ ಇವತ್ತೇ ಮನೆಗೆ ಸಾಗಿಸೋ ಅವಸರಾನೂ ಅವರದೇ.”

ಮೇಷ್ಟ್ರು ಎದ್ದು ಗಂಟು ಬಿಚ್ಚಿದರು.

“ಬೇಡ, ಹೊಗೆ ಬರುತ್ತೆ!” ಎಂದರು ವೈದ್ಯರು.

ಅಳಿಯ ವೈರ್ ಸಿಕ್ಕಿಸಿ ಸ್ವಿಚ್ ಒತ್ತಿದ. ಹೊಗೆ ಬರಲಿಲ್ಲ, ಪರದೆಯ ಮೇಲೆ ಹಸಿರು ಅಕ್ಷರಗಳು ಬಂದವು. ವೈದ್ಯರ ಮುಖ ಸುಟ್ಟ ಬದನೆಕಾಯಿಯಂತಾಯಿತು.

“ಕೇಳಿದ್ರೆ ನಾವೇ ಊರೂರು ಅಲೆದು ಒಂದು ಬೋರ್ಡ್ ಹುಡುಕಿಕೊಡ್ತಿರಲಿಲ್ವಾ?” ಎಂದರು ಮೇಷ್ಟ್ರು.

“ಆಸೆ ತಡೀಲಿಲ್ಲ...”

ಅತ್ತೆಯ ಸ್ವರ ಏರಿದ್ದನ್ನು ಅಳಿಯ ಅಂದೇ ಮೊದಲು ಕೇಳಿದ್ದು. “ಪ್ಲಾಸ್ಟಿಕ್ ಪೆಟ್ಟಿಗೆ ಹಾಳಾಗಬಾರದು ಅಂತ ಕೂತು ಬೋರ್ಡ್ ತೊಳೆದ್ರಿ. ಈ ಮನುಷ್ಯನ ಬಾಳು ಹಾಳಾಗುತ್ತೆ ಅಂತ ಒಂದು ಗಳಿಗೆ ಅನ್ನಿಸ್ಲಿಲ್ವಾ? ಮಾಡಿ ಫೋನು, ಇವನ ಓನರ್‌ಗೆ. ಈಗಲೇ!”

ವೈದ್ಯರು ಗೋಡೆಗೆ ಮುಖ ಮಾಡಿ ಫೋನಿನಲ್ಲಿ ಪಿಸುಗುಟ್ಟಿದರು. “ಬೋರ್ಡ್ ತೆಗೆದದ್ದು... ನಾನು...”

ಡ್ರೈವರ್ ಕುರ್ಚಿ ಬಿಟ್ಟು ಏಳಲಿಲ್ಲ.

“ಜೋರಾಗಿ ಹೇಳಿ ಸಾರ್,” ಎಂದ. “ನಮ್ಮ ಓನರ್‌ಗೆ ಕಿವಿ ಸ್ವಲ್ಪ ಮಂದ.”