ಅವಳ ಸೋಡಾ, ಅವನ ಸೋಡಾ

"ಸೋಡಾ ಹಾಕು ಅಂದ್ರಿ, ಹಾಕೀನಿ," ಎಂದ ದೇವು.

"ಯಾವ ಸೋಡಾ?" ಎಂದಳು ಶೈಲಾ.

"ಬಾಟ್ಲಿ ತೊಳೀತೀನಲ್ರಿ, ಅದು."

ಕೊರ್ತಾಲಿಮ್‌ನ ಆ ಲ್ಯಾಬಿನಲ್ಲಿ ಕನ್ನಡದವರು ಇವರಿಬ್ಬರೇ. ಶೈಲಾ ಮಡಗಾಂವ್‌ನಲ್ಲಿ ಅಂಗಡಿಯಿಟ್ಟ ಧಾರವಾಡದವರ ಮಗಳು, ಸಂಶೋಧನೆ ಮಾಡುತ್ತಿದ್ದಳು. ದೇವು ಚಿಂಬಲ್‌ನ ಗೋಡೆ ಕಟ್ಟುವ ಗೌಂಡಿ ಗಂಗಪ್ಪನ ಮಗ. ಗಾಜಿನ ಸಾಮಾನು ತೊಳೆಯುತ್ತಿದ್ದ. ಒಂದು ವರ್ಷದಿಂದ ಇಬ್ಬರಲ್ಲೂ ಪ್ರೀತಿಯಿತ್ತು. ಯಾರಿಗೂ ತಿಳಿದಿರಲಿಲ್ಲ.

ಹಿಂದಿನ ದಿನ ಅವಳು ಫೋನಿನಲ್ಲಿ, "ನನ್ನ ಡಿಎನ್‌ಎ ಟ್ಯೂಬಿಗೆ ಚೂರು ಸೋಡಾ ಹಾಕಿ ಬೆಚ್ಚಗ ಇಡು," ಅಂದಿದ್ದಳು. ಅವಳ ಮನೆಯಲ್ಲಿ ಸೋಡಾ ಎಂದರೆ ಭಜಿಗೆ ಹಾಕುವ ಸೌಮ್ಯ ಪುಡಿ. ಅವನಿಗೆ ಸೋಡಾ ಎಂದರೆ ಕಾಸ್ಟಿಕ್, ಉಗ್ರ ಕ್ಷಾರ.

ಡಿಎನ್‌ಎಯ ಜೋಡಿ ಎಳೆಗಳು ಕ್ಷಾರದಲ್ಲಿ ಬೇರೆಯಾಗುತ್ತವೆ. ಕ್ಷಾರ ತಗ್ಗಿದರೆ ಮತ್ತೆ ಕೂಡುತ್ತವೆ. ಆದರೆ ಶೈಲಾಳ ಡಿಎನ್‌ಎ ಮೊದಲೇ ರಾಸಾಯನಿಕದಿಂದ ಮಾರ್ಪಟ್ಟಿತ್ತು. ಅಲ್ಲಲ್ಲಿ ಒಂದೊಂದು ಭಾಗ ಕಳಚಿತ್ತು. ಅಂಥ ಕಡೆ ಬಿಸಿ ಕ್ಷಾರ ತಾಗಿದರೆ ಎಳೆಯೇ ತುಂಡಾಗುತ್ತದೆ. ಆರು ತಿಂಗಳ ಕೆಲಸ ಹಾಳಾಯಿತು.

"ಹಾಕಲು ಹೇಳಿದವರು ಯಾರು?" ಮುಖ್ಯಸ್ಥೆ ಪ್ರತಿಮಾ ಕೊಂಕಣಿಯಲ್ಲಿ ಕೇಳಿದರು.

ದೇವು ಶೈಲಾಳನ್ನು ನೋಡಿದ. ಫೋನಿನ ಮಾತು ಬಂದರೆ ಪ್ರೀತಿಯ ಮಾತೂ ಬರುತ್ತದೆ ಎಂದು ಅವಳು ಹೆದರಿದಳು.

"ನಾನಂತೂ ಹೇಳಿಲ್ಲ," ಎಂದಳು.

"ನನ್ನದೇ ತಪ್ಪು," ಎಂದ ದೇವು. ಕೆಲಸ ಹೋಯಿತು.

ಮರುದಿನ ಪೂಜೆಗೆ ಕುಳಿತಾಗ ವಿಭೂತಿ ಹಚ್ಚಿಕೊಳ್ಳಲು ಅವಳ ಕೈ ಏಳಲಿಲ್ಲ. ಸುಳ್ಳು ಹೇಳಿದ ಬಾಯಲ್ಲಿ ಶಿವನ ಹೆಸರು ಬರಲಿಲ್ಲ. ಎದ್ದು ನೇರ ಪ್ರತಿಮಾ ಅವರ ಬಳಿ ಹೋಗಿ ಎಲ್ಲವನ್ನೂ ಹೇಳಿದಳು. ಅವರು, "ಅವನನ್ನು ಕರೆದುಕೊಂಡು ಬಾ," ಎಂದರು.

ಚಿಂಬಲ್‌ನಲ್ಲಿ ಅರ್ಧ ಎದ್ದ ಗೋಡೆಯ ಬಳಿ ದೇವು ತಂದೆಗೆ ಗಾರೆ ಕೊಡುತ್ತಿದ್ದ.

"ಏನ್ರಿ ಸಾವ್ಕಾರ್ತಿ, ದಾರಿ ತಪ್ಪಿ ಬಂದ್ರೇನು?"

"ಖರೇ ಹೇಳಿ ಬಂದೇನಿ. ಕೆಲಸಕ್ಕ ಬಾ."

"ಕೆಲಸ ಇರ್ಲಿ. ನಿನ್ನೆ ಯಾಕ ಹಂಗಂದ್ರಿ? ಗೌಂಡಿ ಮಗ ಅಂತೇನು?"

ಅಲ್ಲ ಎನ್ನುವುದು ಸುಲಭವಾಗಿತ್ತು. "ಹೌದು," ಎಂದಳು. "ನಾಚಿಕಿ ಬಂತು. ಈಗ ನನ್ನ ಮಾರಿ ನನಗ ನೋಡ್ಕೊಳ್ಳಾಕ ಆಗವಲ್ದು."

ಗಂಗಪ್ಪ ಗಾರೆ ಬಳಿಯುವ ಕರಣಿ ಕೆಳಗಿಟ್ಟ. "ಯಾರೋ ದೇವು, ಈ ಬಾಯಾರು?"

ದೇವು ಅವಳ ಕಡೆಗೇ ನೋಡುತ್ತ ನಿಂತ.

ಸುತ್ತಲಿನ ಆಳುಗಳೆಲ್ಲ ನೋಡುತ್ತಿರುವಂತೆಯೇ ಶೈಲಾ ಬಾಗಿ, ಗಂಗಪ್ಪನ ಗಾರೆ ಮೆತ್ತಿದ ಪಾದಗಳನ್ನು ಮುಟ್ಟಿದಳು. "ನೀವು ಒಪ್ಪಿದ್ರ, ನಿಮ್ಮ ಸೊಸಿ ಆಗಾಕಿ ರೀ."

ದೇವು ನೀರಿನ ಕೊಡ ಎತ್ತಿ ತಂದ.

"ಶೈಲಾ, ಸಿಮೆಂಟ್ ಅದು, ಕೈ ಸುಡತೈತಿ," ಎಂದ. "ಚಾಚು ಇತ್ತ. ತೊಳೀತೇನಿ."