ನಲವತ್ತೇಳನೇ ನಿಮಿಷದ ತಪ್ಪು

ಸೋಮವಾರ ಬೆಳಿಗ್ಗೆ ಮೊಬೈಲು ಗುರುಗುಟ್ಟಿದಾಗ ನಾನು ಸಂಪಗಾಂವದ ರೈತರೊಬ್ಬರ ಮಗಳ ಕಣ್ಣು ಪರೀಕ್ಷಿಸುತ್ತಿದ್ದೆ. ಬೈಲಹೊಂಗಲದ ಬಜಾರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಹುಡುಗಿಗೆ ಮೈನಸ್ ಎರಡು ಬಂದಿತ್ತು. ಅಷ್ಟಕ್ಕೇ ಅಪ್ಪ ಕಂಗಾಲಾಗಿದ್ದರು.

"ಅಂದ್ರ ಇಕಿಗಿ ಕಣ್ಣ ಕಾಣಂಗಿಲ್ಲೇನ್ರಿ?"

"ಯಾಕ ಕಾಣಂಗಿಲ್ರಿ? ದೂರಿಂದಷ್ಟ ಮಂಜ ಮಂಜ. ಹತ್ತರದ್ದು ಇಕಿಗಿ ನನಗಿಂತ ನಿಮಗಿಂತ ಚಲೋ ಕಾಣತೈತಿ."

ದಿನಕ್ಕೆ ನಾಲ್ಕು ಸಲ ಹೇಳುವ ಮಾತು ಇದು. ಹೇಳುತ್ತಲೇ ಮೊಬೈಲಿನ ಕಡೆ ಕಣ್ಣು ಹಾಯಿಸಿದೆ.

'ಗುರಣ್ಣನ ಬಳಗ' ಅನ್ನುವ ನಮ್ಮ ಅಭಿಮಾನಿಗಳ ಗ್ರೂಪಿಗೆ ಹಿರಿಯರಾದ ಮಲಕಾಜಪ್ಪನವರು ಒಂದು ಫೋಟೋ ಹಾಕಿದ್ದರು. ನಾವೆಲ್ಲ ಗುಂಪಿನಲ್ಲಿ ನಿಂತಿದ್ದ ಸಿನಿಮಾವನ್ನು ಒಂದು ಕಡೆ ನಿಲ್ಲಿಸಿ ತೆಗೆದದ್ದು. ನೂರಾರು ಜನ ಸ್ಟೇಜಿನ ಕಡೆ ಮುಖ ಮಾಡಿ ನಿಂತಿದ್ದಾರೆ. ನಡುವೆ ಕೆಂಪು ಅಂಗಿಯವನೊಬ್ಬ ಮಾತ್ರ ಪೂರ್ತಿ ಪಕ್ಕಕ್ಕೆ ತಿರುಗಿದ್ದಾನೆ. ಅವನ ಒಂದು ಕಿವಿ, ತಲೆಯ ಹಿಂಭಾಗ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆ ತಲೆಯ ಸುತ್ತ ಮಲಕಾಜಪ್ಪನವರು ಹಸಿರು ಗೆರೆ ಎಳೆದು ಕೆಳಗೆ ಬರೆದಿದ್ದರು: 'ನಲವತ್ತೇಳನೇ ನಿಮಿಷ. ಎಲ್ಲಾರೂ ಗುರಣ್ಣನ್ನ ನೋಡಾಕತ್ತಾರ. ಈ ಖೋಡಿ ಯಾರನ್ನ ನೋಡಾಕತ್ತಾನ?'

ಆ ಕಿವಿ ನನ್ನದು.

ನಾನು ಯಾರನ್ನು ನೋಡುತ್ತಿದ್ದೆ ಅನ್ನುವುದೂ ಫೋಟೋದಲ್ಲಿ ಸ್ಪಷ್ಟವಾಗಿತ್ತು. ಸುಚೇತಾ ಮೇಡಂ ಮುಖ ಎದುರಿಗೇ ಇತ್ತು. ಆ ಗ್ರೂಪಿನಲ್ಲಿ ಅವರೂ ಇದ್ದರು.

ಗುರುನಾಥ ರಾಮದುರ್ಗ ತಾಲೂಕಿನ ಸಾಲಹಳ್ಳಿಯವನು, ನಮ್ಮ ಪಾಲಿಗೆ ಗುರಣ್ಣ. ರಾಕ್ ಸಂಗೀತ ಅಂದರೆ ಇಂಗ್ಲಿಷಿನಲ್ಲಿ ಚೀರುವುದು ಅಂದುಕೊಂಡಿದ್ದ ನಮ್ಮೆದುರು ಗಿಟಾರ್ ಹಿಡಿದು ನಮ್ಮ ಮನೆಯ ಮಾತಿನಲ್ಲೇ ಹಾಡಿದವನು. ಸವದತ್ತಿಯಲ್ಲಿ ಒಮ್ಮೆ ಹಾಡಿನ ನಡುವೆ ಕರೆಂಟು ಹೋಯಿತು. ಅವನು ಮೈಕು ಬದಿಗಿಟ್ಟು ಬರೀ ಗಂಟಲಲ್ಲಿ ಹಾಡು ಮುಗಿಸಿದ. ಅವನು ತೀರಿಕೊಂಡು ಹನ್ನೊಂದು ವರ್ಷವಾದರೂ ಆ ದಿನದ ಮಾತು ಬಂದರೆ ಮಲಕಾಜಪ್ಪನವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿಯುತ್ತಾರೆ. ನಿವೃತ್ತ ಬಸ್ ಕಂಡಕ್ಟರ್ ಅವರು. ಅವತ್ತು ಮೊದಲ ಸಾಲಿನಲ್ಲಿದ್ದೆ ಅನ್ನುವುದೇ ಅವರ ದೊಡ್ಡ ಪದವಿ.

ಅದೇ ಘಟನೆಯನ್ನು ಇಟ್ಟುಕೊಂಡು ಪದ್ಮಜಾ ಅನ್ನುವ ನಿರ್ದೇಶಕಿ ಕೈಯಲ್ಲಿದ್ದ ಅಷ್ಟಿಷ್ಟು ದುಡ್ಡಿನಲ್ಲೇ ಒಂದು ಸಿನಿಮಾ ಮಾಡಿದರು. ಗುಂಪಿನ ದೃಶ್ಯಕ್ಕೆ ಅಭಿಮಾನಿಗಳೇ ಬನ್ನಿ, ಸಂಬಳವಿಲ್ಲ, ಊಟವಿದೆ ಎಂದರು. ಕಳೆದ ಜನವರಿಯಲ್ಲಿ ಎಲ್ಲರೂ ಸವದತ್ತಿಗೆ ಓಡಿದೆವು.

ಸುಚೇತಾ ಮೇಡಂ ಕಿತ್ತೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಾರೆ. ಅದಕ್ಕೂ ವರ್ಷ ಮೊದಲು ಡಾಕ್ಟರರ ಚೀಟಿ ಹಿಡಿದು ನನ್ನ ಅಂಗಡಿಗೆ ಬಂದಿದ್ದರು. ಮೈನಸ್ ಮೂರು. ಅಂಗಡಿಯಲ್ಲಿ ಮೆಲ್ಲಗೆ ಗುರಣ್ಣನ ಹಾಡು ಹಚ್ಚಿದ್ದೆ. "ಇದರ ಎರಡನೇ ಚರಣದಾಗ ಅಂವಾ ನಗತಾನ, ಕೇಳೀರೇನು?" ಅಂದರು. ನಾನು ನೂರು ಸಲ ಕೇಳಿದ್ದ ಹಾಡು, ಆ ನಗು ನನಗೆ ಕೇಳಿಸಿಯೇ ಇರಲಿಲ್ಲ. ಅವತ್ತೇ ಗ್ರೂಪಿಗೆ ಸೇರಿಸಿದೆ. ಆಮೇಲೆ ಹದಿನೈದು ದಿನಕ್ಕೊಮ್ಮೆ ಅವರ ಕನ್ನಡಕದ ಸ್ಕ್ರೂ ಸಡಿಲಾಗತೊಡಗಿತು. ಬಿಗಿ ಮಾಡಿ ಕೊಡುತ್ತಿದ್ದೆ. ಚಹಾ ಬರುತ್ತಿತ್ತು. ಅದಕ್ಕಿಂತ ಮುಂದೆ ಹೋಗುವ ಧೈರ್ಯ ನನಗೆ ಬರಲಿಲ್ಲ.

ಶೂಟಿಂಗ್ ದಿನ ಸಹಾಯಕರು ಎಲ್ಲರ ಮೊಬೈಲು, ವಾಚು ಇಸಿದುಕೊಂಡು ಮೇಡಂ ಎದುರು ನಿಂತರು. "ಈ ನಮೂನಿ ಫ್ರೇಮ್ ಆಗ ಇದ್ದಿದ್ದಿಲ್ರಿ, ತಗೀರಿ." ಅವರು ಕನ್ನಡಕ ತೆಗೆದು ನನ್ನ ಕಡೆ ಚಾಚಿದರು.

"ನಿಮ್ಮ ಅಂಗಡಿ ಮಾಲು. ನೀವ ಜ್ವಾಕಿ ಮಾಡ್ರಿ."

ಅಂಗಿಯ ಜೇಬಿಗಿಟ್ಟುಕೊಂಡೆ. ಕ್ಯಾಮೆರಾ ಶುರುವಾಯಿತು, ಹಾಡು ಶುರುವಾಯಿತು. ಆ ತಳ್ಳಾಟದಲ್ಲಿ ಕಾಣದೆ ಎಡವಿಬಿಟ್ಟಾರು ಅಂತ ಅವರ ಕಡೆ ತಿರುಗಿದೆ. ಮೊದಲು ನೋಡಿದ್ದು ಕಾಳಜಿಗೇ, ಆಣೆ ಮಾಡಿ ಹೇಳುತ್ತೇನೆ. ಅಂಗಡಿಯಲ್ಲಿ ನಾನು ಮೂಗು, ಕಿವಿ ಅಳೆಯುವವನು. ಕಣ್ಣು ಕಾಣುತ್ತಿದ್ದದ್ದು ಗಾಜಿನ ಹಿಂದೆ. ಮೈನಸ್ ಗಾಜು ಕಣ್ಣನ್ನು ಸಣ್ಣದಾಗಿ ತೋರಿಸುತ್ತದೆ. ಅವು ಅಷ್ಟು ದೊಡ್ಡವು, ಅಂಚಿನಲ್ಲಿ ಅಷ್ಟು ಕಪ್ಪು ಅಂತ ನನಗೆ ಗೊತ್ತಿರಲಿಲ್ಲ. ಕಣ್ಣು ಕಿರಿದು ಮಾಡಿ ಸ್ಟೇಜು ನೋಡುತ್ತಿದ್ದರು, ನೀರು ತುಂಬಿತ್ತು. ಕನ್ನಡಕ ನನ್ನ ಜೇಬಿನಲ್ಲಿದೆ, ಇವರಿಗೆ ನಾನು ಕಾಣುವುದಿಲ್ಲ ಅಂದುಕೊಂಡು ಕಣ್ತುಂಬ ನೋಡಿದೆ. ಆಮೇಲೆ ನಾಚಿಕೆಯಾಗಿ ಸ್ಟೇಜಿನ ಕಡೆ ತಿರುಗಿದೆ.

ಕ್ಯಾಮೆರಾ ಒಂದು ಇದೆ ಅನ್ನುವುದೇ ಮರೆತಿದ್ದೆ.

ಈಗ ಸಿನಿಮಾ ಮುಂದಿನ ತಿಂಗಳು ಮೊಬೈಲಿನಲ್ಲಿ ಎಲ್ಲರಿಗೂ ಸಿಗುವಂತೆ ಬರಲಿತ್ತು. ಅದಕ್ಕೆ ಮೊದಲು ಪದ್ಮಜಾ ನಮ್ಮ ಬಳಗಕ್ಕೆ ಲಿಂಕ್ ಕಳಿಸಿ, ಭಾನುವಾರ ಬೈಲಹೊಂಗಲಕ್ಕೆ ಬರುತ್ತೇನೆ, ತಪ್ಪು ತೋರಿಸಿ, ತೆಗೆಯುತ್ತೇನೆ ಎಂದಿದ್ದರು. ಮಲಕಾಜಪ್ಪನವರಿಗೆ ಮೊದಲು ಸಿಕ್ಕ ತಪ್ಪು ನಾನೇ. ಹಸಿರು ಗೆರೆಯ ಕೆಳಗೆ ಮಾತಿನ ಮಳೆ ಸುರಿಯಿತು. 'ಇಂವಾ ಅಭಿಮಾನಿ ಅಲ್ಲ, ಊಟಕ್ಕ ಬಂದಾಂವ.' 'ಮಗ್ಗಲಿನ ಮೇಡಂ ಕಣ್ಣಾಗ ನೀರ ನೋಡ್ರಿ, ಅದು ಭಕ್ತಿ ಅಂದ್ರ!'

ನಾನು ಒಬ್ಬರ ಉತ್ತರಕ್ಕೆ ಕಾದೆ. ಮಧ್ಯಾಹ್ನ ಒಂದು ಗಂಟೆಗೆ ಅದು ಬಂತು.

'ಆ ಶಾಟ್ ತಗದುಬಿಡ್ಲಿ. ಅದು ಇರಲಿಕ್ಕೇ ಬಾರದು.'

ಬರೆದವರು ಸುಚೇತಾ ಮೇಡಂ.

ಇಡೀ ಸಿನಿಮಾದಲ್ಲಿ ಅವರ ಮುಖ ಕಾಣುವುದು ಆ ನಾಲ್ಕು ಸೆಕೆಂಡು ಮಾತ್ರ. ಅದನ್ನೂ ಬೇಡ ಅನ್ನಬೇಕಾದರೆ ನನ್ನ ಪಕ್ಕದಲ್ಲಿ ಕಾಣಿಸಿಕೊಳ್ಳುವುದು ಅವರಿಗೆ ಎಷ್ಟು ಅಸಹ್ಯ ಅನ್ನಿಸಿರಬೇಕು! ಇನ್ನು ಸ್ಕ್ರೂ ಸಡಿಲಾಗುವುದಿಲ್ಲ, ಚಹಾ ಬರುವುದಿಲ್ಲ. ಅವರು ಮಾಡಲು ಹೇಳಿದ್ದ ಹೊಸ ಕನ್ನಡಕ ತಯಾರಾಗಿ ಡ್ರಾವರಿನಲ್ಲಿತ್ತು. ಗುರುವಾರ ಧೈರ್ಯ ಮಾಡಿ ಫೋನ್ ಹಚ್ಚಿದೆ.

"ಮೇಡಂ, ಕನ್ನಡಕ ರೆಡಿ ಐತ್ರಿ."

"ಹಾಂ. ಆದಿತ್ಯವಾರ ಬರ್ತೀನಲ್ಲ, ಆವಾಗ ತಗೋತೀನಿ."

"ಅಂಗಡಿಗೆ ಬರ್ರಿ, ಮೂಗಿನ ಮ್ಯಾಲೆ ಸರಿಯಾಗಿ..."

"ಬ್ಯಾಡ. ಅಲ್ಲೇ ತಂದುಬಿಡ್ರಿ." ಫೋನ್ ಇಡುವ ಮೊದಲು ಕೇಳಿದರು: "ಸುಭಾಸ ಅವರ, ಪದ್ಮಜಾ ಅವರು ನಿಮಗೇನರೆ ಫೋನ್ ಮಾಡಿದ್ರೇನು?"

"ಇಲ್ರಿ. ಯಾಕ್ರಿ?"

"ಏನಿಲ್ಲ. ಇಡ್ತೀನಿ."

ಅಂಗಡಿಗೂ ಬರಲು ಮನಸ್ಸಿಲ್ಲ ಅಂದುಕೊಂಡೆ. ಆ ಪ್ರಶ್ನೆ ಯಾಕೆ ಕೇಳಿದರು ಅಂತ ಯೋಚಿಸುವಷ್ಟು ತಲೆ ನನಗಿರಲಿಲ್ಲ.

ಭಾನುವಾರ ಖಾನಾವಳಿಯ ಮೇಲಿನ ಹಾಲಿನಲ್ಲಿ ಮೂವತ್ತು ಜನ ಸೇರಿದ್ದೆವು. ಕೆಳಗೆ ರೊಟ್ಟಿ ಬಡಿಯುವ ಸಪ್ಪಳ, ಮೇಲೆ ಗೋಡೆಗೆ ಬಿಳಿ ಬಟ್ಟೆ, ಮುಂದೆ ಲ್ಯಾಪ್‌ಟಾಪ್ ಹಿಡಿದ ಪದ್ಮಜಾ. ಮೇಡಂ ನೀಲಿ ಸೀರೆಯುಟ್ಟು ಕಿಟಕಿಯ ಪಕ್ಕ ಕುಳಿತಿದ್ದರು. ನನ್ನನ್ನು ಒಂದು ಸಲ ನೋಡಿದರು, ಕೂಡಲೇ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

ಮೊದಲು ಹೊಗಳಿಕೆ, ಆಮೇಲೆ ಜಗಳ. ಗಿಟಾರಿನ ಬಣ್ಣ ತಪ್ಪು, ಮೀಸೆ ಅಷ್ಟು ದಪ್ಪ ಇರಲಿಲ್ಲ, ಹೆಸರು ಯಾಕೆ ಬದಲಿಸಿದಿರಿ. ಕೊನೆಗೆ ಗೋಡೆಯ ಮೇಲೆ ನನ್ನ ಕಿವಿ ಆನೆಯ ಕಿವಿಯಷ್ಟಾಗಿ ಬಂದು ನಿಂತಿತು. ಮಲಕಾಜಪ್ಪನವರು ಎದ್ದರು.

"ನಾ ಅವತ್ತ ಮುಂದ ನಿಂತಿದ್ನಿ. ಗುರಣ್ಣ ಮೈಕ ಇಲ್ಲದ ಹಾಡೂವಾಗ ಒಬ್ಬಾಂವರೆ ಕಣ್ಣ ಅತ್ಲಾಗ ತಿರುವಿದ್ದಿಲ್ಲ. ಅಂವಗ ಅವಮಾನ ಆಗೂ ಚಿತ್ರ ಇದು. ತಗೀರಿ."

"ತಗೀರಿ, ತಗೀರಿ" ಎಂದು ಹತ್ತು ದನಿ ಸೇರಿದವು. ಪದ್ಮಜಾ ಯಾಕೋ ಮೇಡಂ ಕಡೆ ನೋಡಿದರು. ಮೇಡಂ ತಲೆ ಎತ್ತಲಿಲ್ಲ.

ಸುಮ್ಮನಿದ್ದಿದ್ದರೆ ನಾನು ಬಚಾವಾಗುತ್ತಿದ್ದೆ. ಆದರೆ ಗುರಣ್ಣನಿಗೆ ಅವಮಾನ ಅನ್ನುವ ಮಾತು ಚುಚ್ಚಿತು. ಎದ್ದು ನಿಂತೆ.

"ಅಂವಾ ನಾನ ರೀ."

ಮಲಕಾಜಪ್ಪನವರು ನನ್ನ ಕಿವಿ ನೋಡಿದರು, ಗೋಡೆಯ ಕಿವಿ ನೋಡಿದರು.

"ನೀನಾ? ಅಲ್ಲೋ ಸುಭಾಸ, ನೀನ ಹಿಂಗ ಮಾಡಿದ್ರ..."

"ಕಿವಿ ಸ್ಟೇಜಿನ ಕಡೆನ ಇದ್ವು ಕಾಕಾ. ಒಂದ ಶಬ್ದ ಬಿಟ್ಟಿಲ್ಲ. ಕಣ್ಣ ಮಾತ್ರ ನನ್ನ ಮಾತು ಕೇಳಲಿಲ್ಲ." ಯಾರೋ ಕಿಸಕ್ಕೆಂದರು. ನನಗೆ ನಗು ಬರಲಿಲ್ಲ. "ಒಂದು ವರ್ಷದಿಂದ ಹೇಳಬೇಕಂತ ಮಾಡಿದ್ದು ಅವತ್ತ ಮುಖದ ಮ್ಯಾಲೆ ಬಂದೈತಿ. ಅದರಾಗ ಮೇಡಂ ಅವರದೇನೂ ತಪ್ಪಿಲ್ಲ, ಅವರು ಹಾಡು ನೋಡಾಕತ್ತಿದ್ರು. ಅವರಿಗೆ ಬ್ಯಾಡಾದ್ರ ತಗದುಬಿಡ್ರಿ. ಮಾಫ್ ಮಾಡ್ರಿ ಮೇಡಂ."

ಕುಳಿತುಕೊಳ್ಳಲು ಕುರ್ಚಿ ಹುಡುಕಿದೆ, ಸಿಗಲಿಲ್ಲ. ಗೋಡೆಗೆ ಒರಗಿದೆ.

ಪದ್ಮಜಾ ಮೆಲ್ಲಗೆ ಅಂದರು: "ಈ ಶಾಟ್ ಅಸಲಿಗೆ ಹದಿನೈದು ಸೆಕೆಂಡ್ ಅದ. ನಾಲ್ಕಕ್ಕ ಯಾಕ ಕತ್ತರಿಸಿದೆ ಅಂತ ಒಬ್ಬರಿಗಷ್ಟ ಗೊತ್ತು. ಹೋದ ವಾರ ಅವರಿಗೆ ಕಳಿಸಿ, ಪೂರಾ ಇಡಲೇನು ಅಂತ ಕೇಳಿದ್ದೆ. ಅವರು ಬ್ಯಾಡ ಅಂದ್ರು."

ಮೇಡಂ ಕನ್ನಡಕ ಹಾಕಿಕೊಂಡು ಎದ್ದರು. ಮುಖ ಕೆಂಪಾಗಿತ್ತು. ದನಿ ಮಾತ್ರ ಪಾಠ ಹೇಳುವಷ್ಟು ಗಟ್ಟಿಯಾಗಿತ್ತು.

"ಈಗ ಹಚ್ರಿ, ಪದ್ಮಜಾ ಅವರ. ಎಲ್ಲಾರೂ ನೋಡ್ಲಿ."

ಗೋಡೆಯ ಮೇಲೆ ಜನ ಅಲುಗಾಡಿದರು. ಕೆಂಪು ಅಂಗಿಯ ನಾನು ಒಂದು, ಎರಡು, ಮೂರು, ನಾಲ್ಕು ಸೆಕೆಂಡು ಅವರನ್ನು ನೋಡಿ ಸ್ಟೇಜಿನ ಕಡೆ ತಿರುಗಿದೆ. ಅಷ್ಟರಲ್ಲಿ ಅವರ ಮುಖ ನಿಧಾನವಾಗಿ ನನ್ನ ಕಡೆ ಹೊರಳಿತು. ಕಿರಿದಾಗಿದ್ದ ಕಣ್ಣು ಅರಳಿತು. ತುಟಿಯಂಚಿನಲ್ಲಿ ಸಣ್ಣ ನಗು ಬಂತು. ಹನ್ನೊಂದು ಸೆಕೆಂಡು ನನ್ನನ್ನೇ ನೋಡಿದರು. ನಾನು ದಡ್ಡನಂತೆ ಸ್ಟೇಜು ನೋಡುತ್ತ ನಿಂತಿದ್ದೆ.

ಮಲಕಾಜಪ್ಪನವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು.

"ಒಂದ ತಪ್ಪಿದ್ದರ ತಗೀ ಅಂತಿದ್ನಿ. ಎರಡೂ ಕೂಡಿ ಸರೀ ಆಗ್ಯಾವ. ಗುರಣ್ಣ ಇದ್ದಿದ್ದರ ಹಾಡ ನಿಂದರಿಸಿ ಇಬ್ಬರನ್ನೂ ಮ್ಯಾಲೆ ಕರೀತಿದ್ದ. ಬರ್ರಿ, ರೊಟ್ಟಿ ಆರತಾವು." ಎಲ್ಲರನ್ನೂ ಬಸ್ಸಿನಿಂದ ಇಳಿಸುವವರಂತೆ ಕೆಳಗೆ ಅಟ್ಟಿಕೊಂಡು ಹೋದರು.

ಹಾಲಿನಲ್ಲಿ ನಾವಿಬ್ಬರೇ ಉಳಿದೆವು.

"ನಿಮಗ ಕನ್ನಡಕ ಇದ್ದಿದ್ದಿಲ್ಲಲ್ರಿ" ಅಂದೆ. "ನಾ ಕಾಣಂಗಿಲ್ಲ ಅಂದ್ಕೊಂಡ..."

"ಮೈನಸ್ ಮೂರು. ಎಷ್ಟು ದೂರ ಚಂದಾಗಿ ಕಾಣತದ, ಹೇಳ್ರಿ."

"ಒಂದು ಅಡಿ."

"ಅವತ್ತ ಸ್ಟೇಜೂ ಕಾಣಲಿಲ್ಲ, ಗುರಣ್ಣನ ಪಾತ್ರದಾಂವನೂ ಕಾಣಲಿಲ್ಲ. ನೋಡಿ ನೋಡಿ ಕಣ್ಣಾಗ ನೀರು ಬಂತು, ಅದನ್ನ ಭಕ್ತಿ ಅಂದ್ರು. ಅಷ್ಟು ಮಂದಿಯೊಳಗ ನನಗ ಸ್ಪಷ್ಟ ಕಂಡಿದ್ದು ಒಂದ ಮುಖ. ಕನ್ನಡಕದ ಅಂಗಡಿ ಇಟ್ಟೀರಿ, ಇಷ್ಟು ತಿಳೀಬಾರದ?"

ದಿನಕ್ಕೆ ನಾಲ್ಕು ಸಲ ಊರಿಗೆಲ್ಲ ಹೇಳುವ ಮಾತು ನನ್ನ ವಿಷಯಕ್ಕೆ ಬಂದಾಗ ಹೊಳೆದಿರಲಿಲ್ಲ!

"ಮತ್ತ ತಗದುಬಿಡ್ಲಿ ಅಂತ ಯಾಕ ಬರದ್ರಿ? ಆರು ದಿನ ಸತ್ತು ಬದುಕೇನಿ."

"ಮಂದಿ ಹಂಗ ಹುಡಿಕ್ಯಾಡಿ ಉಳಿದ ಹನ್ನೊಂದು ಸೆಕೆಂಡನ್ನೂ ಹೊರಗ ತರಸ್ತಾರಂತ ಹೆದರಿಕಿ ಆತು. ನೀವು ಕಾಳಜಿಗೆ ನೋಡಿದ್ದೋ ಏನೋ, ನನಗೇನು ಗೊತ್ತು? ಕನ್ನಡಕದ ಸ್ಕ್ರೂ ತಾವಾಗೇ ಅಷ್ಟು ಸಲ ಸಡಲಾಗ್ತಾವೇನು? ಅದೂ ನಿಮಗ ತಿಳೀಲಿಲ್ಲ." ಕಿಟಕಿಯ ಕಡೆ ತಿರುಗಿದರು. "ಸಿನಿಮಾ ಬರೂದ್ರೊಳಗ ಅಪ್ಪಗ ಹೇಳಬೇಕು. ಜಾತಿ ಅಂತ ದೊಡ್ಡ ಗದ್ದಲ ಆಗತದ ಮನ್ಯಾಗ."

"ನಮ್ಮ ಮನ್ಯಾಗೂ ಆಗತೈತಿ. ನಾ ನಿಮ್ಮ ಜೋಡಿ ಬರತೇನಿ. ಇಬ್ಬರೂ ಕೂಡೇ ಹೇಳೂಣು."

"ಹೆದರಿಕಿ ಇಲ್ಲೇನು?"

"ಭಾಳ ಐತ್ರಿ."

ಅವರು ನಕ್ಕರು. ಎರಡನೇ ಚರಣದಲ್ಲಿ ಗುರಣ್ಣ ನಗುತ್ತಾನಲ್ಲ, ಅಷ್ಟೇ ಸಣ್ಣಗೆ. ಜೇಬಿನಿಂದ ಹೊಸ ಕನ್ನಡಕ ತೆಗೆದೆ. ಹಳೆಯದನ್ನು ಅವರೇ ತೆಗೆದು ಮುಖ ಮುಂದೆ ತಂದರು. ಕಿವಿಯ ಹಿಂದೆ ಕಡ್ಡಿ ಕೂರಿಸಿ, ರೂಢಿಯಂತೆ ರಸ್ತೆಯಾಚೆಯ ಅಂಗಡಿಯ ಬೋರ್ಡು ತೋರಿಸಿದೆ.

"ಅದನ್ನ ಓದ್ರಿ ಮೇಡಂ. ಚಂದಾಗಿ ಕಾಣತೈತಿ?"

"ಕಾಣತದ" ಅಂದರು. ಬೋರ್ಡಿನ ಕಡೆ ಅವರು ನೋಡಲೇ ಇಲ್ಲ.