ಹದಿನಾರಿನ ಪುಟ್ಟಮಾದಮ್ಮನ ಎಡಗಾಲು

ಕೀವು, ಹುಣ್ಣು ನೋಡಿ ಮುಖ ಸಿಂಡರಿಸುವವಳಲ್ಲ ನಾನು. ಆದರೂ ಆ ದಿನ ನೆನಪಾದರೆ ಇಂದಿಗೂ ಊಟ ಸೇರುವುದಿಲ್ಲ.

೨೦೦೨ರಲ್ಲಿ ಕಾಲು ಕಳೆದುಕೊಂಡವರ ನಡಿಗೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದೆ. ನಂಜನಗೂಡಿನ ಒಂದು ಸಮುದಾಯ ಭವನದಲ್ಲಿ ಉದ್ದನೆಯ ಬಿಳಿ ಕಾಗದ ಹಾಸಿ, ಅವರ ಪಾದಗಳಿಗೆ ಕೆಮ್ಮಣ್ಣಿನ ನೀರು ಬಳಿದು ನಡೆಸುತ್ತಿದ್ದೆ. ಆಮೇಲೆ ಹೆಜ್ಜೆಗಳ ಅಂತರ ಅಳೆಯುವುದು.

ಅಂದು ಮಧ್ಯಾಹ್ನ ಹತ್ತಿರದ ಹದಿನಾರು ಗ್ರಾಮದ ಪುಟ್ಟಮಾದಮ್ಮ ನಡೆದಳು. ಸಕ್ಕರೆ ಕಾಯಿಲೆಯಿಂದ ಕೊಳೆತ ಅವಳ ಎಡಗಾಲನ್ನು ಆರು ವರ್ಷಗಳ ಹಿಂದೆಯೇ ಕತ್ತರಿಸಿದ್ದರು. ಈಗ ಅಲ್ಲಿದ್ದದ್ದು ಬೆರಳುಗಳೇ ಇಲ್ಲದ ರಬ್ಬರ್ ಪಾದ.

ಕಾಗದದ ಮೇಲೆ ಎಡಗಾಲಿನದೂ ಐದೈದು ಬೆರಳು ಮೂಡಿದ್ದವು. ಎರಡನೆಯ ಬೆರಳಿಗೆ ಕಾಲುಂಗುರದ ಗೆರೆ. ಬಲಗಾಲಿನ ಗುರುತುಗಳು ಆಗಲೇ ಒಣಗಿದ್ದವು. ಎಡಗಾಲಿನವು ಲೋಳೆಲೋಳೆಯಾಗಿ ಹೊಳೆಯುತ್ತಿದ್ದವು. ನೊಣಗಳು ಮುತ್ತಿದ್ದೂ ಅವುಗಳನ್ನೇ. ವಾರದ ಹಿಂದಿನ ಬ್ಯಾಂಡೇಜ್ ಬಿಚ್ಚಿದಂಥ ನಾತ.

ಅದನ್ನು ನೋಡಿ ಪುಟ್ಟಮಾದಮ್ಮನೇ ಹೇಳಿದಳು: "ಗಂಡ ಬದ್ಕಿರ್ವಾಗ ಬಿಚ್ಬಾರ್ದು ಅಂತ ಉಂಗ್ರ ತಗಿಯಕ್ಕೆ ನಾನೇ ಬುಡ್ನಿಲ್ಲ ಕಣವ್ವ. ಅಂಗೇ ಕುಯ್ದ್ರು. ಕಾಲ ಮಣ್ಣು ಮಾಡುದ್ರೋ ಬಿಸಾಕುದ್ರೋ, ಯಾರೂ ಏಳ್ನಿಲ್ಲ."

ಕಾಗದ ಸುತ್ತಿದೆ. ಒಳಗಿನಿಂದ ಬೆಳ್ಳಿಯ ಕಾಲುಂಗುರವೊಂದು ಜಾರಿ ನನ್ನ ಪಾದದ ಮೇಲೆ ಬಿತ್ತು.

"ನಂದೇಯ. ವಸಿ ತೊಳ್ದು ಕೊಡವ್ವ," ಎಂದು ಪುಟ್ಟಮಾದಮ್ಮ ಕೈ ಚಾಚಿದಳು.

ನಲ್ಲಿಯ ಕೆಳಗೆ ಹಿಡಿದು ಮೂರು ಸಲ ಸೋಪು ಹಾಕಿ ಉಜ್ಜಿದೆ. ಒಳಸುತ್ತಿಗೆ ಅಂಟಿದ್ದ ಚರ್ಮ ಬಿಡಲಿಲ್ಲ. ಆ ತಣ್ಣೀರಿನಲ್ಲೂ ಅದು ಬೆಚ್ಚಗೇ ಇತ್ತು.